ಪರಸಿಯ ಪಾಠ

ಈಗಿನ ಶಾಲೆಗಳಲ್ಲಿ ಪರಿಸರ ಎಂದರೆ ಗೋಡೆಯ ಮೇಲೊಂದು ಹಸಿರು ಮರದ ಚಿತ್ರ, ಜೂನ್ ತಿಂಗಳಲ್ಲೊಂದು ಭಾಷಣ, ಒಂದೇ ಒಂದು ಸಸಿ, ಅದರ ಸುತ್ತ ಒಬ್ಬರನ್ನೊಬ್ಬರು ತಳ್ಳುತ್ತ ನಿಂತ ಗಣ್ಯರು. ಅಂಥ ಫೋಟೊ ಪೇಪರಿನಲ್ಲಿ ಕಂಡಾಗಲೆಲ್ಲ ಶಿವಕಾಂತಮ್ಮ ಟೀಚರಿಗೆ ನಗು ಬರುತ್ತದೆ, ನಗುವಿನ ಬೆನ್ನಿಗೇ ಕಣ್ಣೂ ತುಂಬುತ್ತದೆ. ಪರಿಸರ ಎಂದರೆ ಅವರಿಗೆ ನೆನಪಾಗುವುದು ಮರವಲ್ಲ, ಕಲ್ಲು.

ಎಪ್ಪತ್ತೊಂಬತ್ತನೆಯ ಇಸವಿ ಇರಬೇಕು. ಶಹಾಬಾದಿನ ಆಚೆ, ಕಲ್ಲಿನ ಖಣಿಗಳ ನಡುವೆ ಅವರದು ಒಂದೇ ಕೋಣೆಯ ಶಾಲೆ. ನೆಲಕ್ಕೆ ಹಾಸುವ ಪರಸಿ ಕಲ್ಲು ಇಲ್ಲಿಂದ ಎಲ್ಲೆಲ್ಲಿಗೋ ಹೋಗುತ್ತಿತ್ತು, ಶಾಲೆಯ ನೆಲ ಮಾತ್ರ ಮಣ್ಣಿನದೇ. ಆ ವರ್ಷ ಪರಿಸರ ಅಧ್ಯಯನ ಎಂಬ ಹೊಸ ವಿಷಯ ಬಂತು. ಕಲಬುರಗಿಗೆ ಕರೆಸಿ ಟ್ರೇನಿಂಗ್ ಕೊಟ್ಟರು. ಸಾಹೇಬರು ಕಾಡು, ಹೊಳೆ, ನವಿಲು ಎಂದು ಸೊಗಸಾಗಿ ಮಾತಾಡಿ, ಊಟ ಹಾಕಿಸಿ ಕಳಿಸಿಬಿಟ್ಟರು. ಮಕ್ಕಳ ಪುಸ್ತಕ ಇನ್ನೂ ಬಂದಿರಲಿಲ್ಲ. ಇದ್ದದ್ದು ಟೀಚರ ಕೈಯಲ್ಲಿದ್ದ ಒಂದೇ ಪ್ರತಿ.

ಶನಿವಾರ ಗಂಟೆ ಹೊಡೆದ ಮೇಲೆ, ಮಕ್ಕಳ ಗದ್ದಲದಲ್ಲೇ ಟೀಚರು ಕೂಗಿ ಹೇಳಿದರು: "ಸೋಮವಾರ ಪರಿಸರ ಪಾಠ ಅದ! ಎಲ್ಲಾರೂ ಒಂದೊಂದು ತಗೊಂಡು ಬರ್ರಿ!"

ಎಲೆಯೋ ಹೂವೋ ಏನು ತರಬೇಕೆಂದು ಬಿಡಿಸಿ ಹೇಳಲಿಲ್ಲ, ಅವರ ಮನಸ್ಸು ಆ ದಿನ ಪಾಠದ ಮೇಲಿರಲಿಲ್ಲ. ನಾಲ್ಕನೆಯ ಇಯತ್ತೆಯ ಹಣಮಿಯನ್ನು ಅವಳಪ್ಪ ಖಂಡೆಪ್ಪ ಶಾಲೆ ಬಿಡಿಸುವವನಿದ್ದ. ದಸರೆ ಸೂಟಿ ಮುಗಿದರೆ ಹುಡುಗಿ ಅವ್ವನ ಜೊತೆ ಖಣಿಯಲ್ಲಿ ಚೂರು ಕಲ್ಲು ಆರಿಸುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಟೀಚರು ಅವರ ಗುಡಿಸಲಿಗೆ ಹೋಗಿ ಹೇಳಿ ನೋಡಿದ್ದರು. ಖಂಡೆಪ್ಪ ನೀರು ಕೊಟ್ಟು, ಕೂರಿಸಿ, ಮರ್ಯಾದೆಯಿಂದಲೇ ಕೇಳಿದ್ದ: "ನಿಮ್ ಪುಸ್ತಕದಾಗ ನಮ್ ಕೆಲಸದ ಒಂದ್ ಮಾತರೆ ಅದನರಿ ಅಕ್ಕೋರ?"

ಇರಲಿಲ್ಲ. ಟೀಚರು ನೀರು ಕುಡಿದು ಎದ್ದುಬಂದಿದ್ದರು.

ಸೋಮವಾರ ನೋಡಿದರೆ, ಮಕ್ಕಳೆಲ್ಲ ಕಲ್ಲು ಹೊತ್ತು ಬರುತ್ತಿದ್ದಾರೆ! ಮಶಾಕನ ಕೈಯಲ್ಲಿ ರೊಟ್ಟಿಯಂಥ ದುಂಡು ಕಲ್ಲು. ಹಣಮಿಯ ಕೈ ಮಾತ್ರ ಖಾಲಿ. ಅವಳ ಹಿಂದೆ ತಲೆಯ ಮೇಲೆ ಒಳ್ಳೇ ನುಣುಪಾದ ಚಪ್ಪಡಿ ಹೊತ್ತು ಖಂಡೆಪ್ಪನೇ ಬಂದಿದ್ದ.

"ಎಲ್ಲಿ ಇಳಸ್ಲಿರಿ? ಸಾಲ್ಯಾಗ ಇವತ್ತು ಪರಸಿ ಪಾಠ ಅದ ಅಂತ ಹಣಮಿ ಅಂದಳು. ಕಡೀಕರೆ ನಿಮ್ ಪುಸ್ತಕದಾಗ ನಾವೂ ಬಂದ್ವಿ ನೋಡ್ರಿ!"

ಶನಿವಾರದ ಗದ್ದಲದಲ್ಲಿ ಪರಿಸರ ಮಕ್ಕಳ ಕಿವಿಗೆ ಪರಸಿ ಆಗಿದ್ದು ಟೀಚರಿಗೆ ಆಗ ಹೊಳೆಯಿತು. ಉಕ್ಕಿಬಂದ ನಗುವನ್ನು ತಡೆದುಕೊಂಡರು. ಪರಸಿ ಅಲ್ಲಪ್ಪಾ ಎಂದರೆ ಈತ ಕಲ್ಲನ್ನೂ ಒಯ್ಯುತ್ತಾನೆ, ಮಗಳನ್ನೂ ಒಯ್ಯುತ್ತಾನೆ.

"ಹೌದ್ರಿ, ಪರಸಿ ಪಾಠನೇ," ಎಂದುಬಿಟ್ಟರು. "ನೀವೇ ಹೇಳ್ರಿ ಇವತ್ತು."

ಖಂಡೆಪ್ಪ ಮೊದಲು ನಾಚಿದ, ಗೋಡೆ ನೋಡಿದ. ಕೈ ಕಲ್ಲಿಗೆ ತಾಗಿದ್ದೇ ನಾಲಿಗೆ ಸಡಿಲಾಯಿತು. ಎರೆಮಣ್ಣಿನ ಕೆಳಗೆ ಕಲ್ಲು ಪದರು ಪದರಾಗಿ ಮಲಗಿರುವುದನ್ನು ಹೇಳಿದ, ಒಡೆಯದಂತೆ ಹಾರೆಯಿಂದ ಎಬ್ಬಿಸುವುದನ್ನು ಬರಿಗೈಯಲ್ಲೇ ಮಾಡಿ ತೋರಿಸಿದ. ಖಣಿ ತೋಡುವ ಮೊದಲು ಇಲ್ಲೇ ಹುಣಸೆಮರಗಳಿದ್ದವಂತೆ, ಸಿಹಿನೀರಿನ ಬಾವಿಯಿತ್ತಂತೆ.

"ಆ ಬಾವಿ ಈಗ ಎಲ್ಲದ ಕಾಕಾ?" ಮಶಾಕ ಕೇಳಿದ.

"ಖಣಿ ಆಳ ಆದಂಗ ಅದರ ನೀರು ಇಳದು ಹೋತಪ್ಪ. ನಾವೇ ಮುಚ್ಚಿದ್ವಿ." ಖಂಡೆಪ್ಪ ಚಪ್ಪಡಿಯ ಮೇಲೆ ಅಂಗೈ ಆಡಿಸಿದ. "ಭಾಳ ಛಲೋ ನೀರು ಇತ್ತು."

ಆಮೇಲೆ ಆತ ಟೀಚರ ಕಡೆ ತಿರುಗಿದ. "ಪುಸ್ತಕದಾಗ ಏನ್ ಬರದಾರ, ಓದಸ್ರಿ. ಹಣಮಿನೇ ಓದ್ಲಿ."

ಓದಿಸಿದರೆ ಟೀಚರ ಸುಳ್ಳು ಬಯಲಾಗುತ್ತದೆ. ಕೊಡದೆ ಇರುವಂತಿಲ್ಲ. ಪುಸ್ತಕ ಹಣಮಿಯ ಕೈಗೆ ಹೋಯಿತು. ಅವಳು ಅಕ್ಷರದ ಕೆಳಗೆ ಬೆರಳಿಟ್ಟಳು. "ಪ... ರಿ... ಸ... ರ." ಬೆರಳು ಅಲ್ಲೇ ನಿಂತಿತು. ಟೀಚರ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು. ಪರಸಿ ಎಂದು ಓದಿದ್ದರೂ ಅಕ್ಷರ ಬಾರದ ಅಪ್ಪನಿಗೆ ತಿಳಿಯುತ್ತಿರಲಿಲ್ಲ. ಹಾಗೇ ಓದಲಿ ದೇವರೇ ಎಂದು ಟೀಚರು, ಓದು ಕಲಿಸಿದ ಟೀಚರೇ, ಮನಸ್ಸಿನಲ್ಲಿ ಬೇಡಿಕೊಂಡರು.

"ಪರಿಸರ," ಎಂದು ಹುಡುಗಿ ಗಟ್ಟಿಯಾಗಿ ಓದಿದಳು. "ನಮ್ಮ ಸುತ್ತ ಇರುವ ನೆಲ, ನೀರು, ಗಾಳಿ, ಗಿಡಮರ, ಪ್ರಾಣಿಗಳು, ಜನರು, ಎಲ್ಲವೂ ಸೇರಿ ನಮ್ಮ ಪರಿಸರ." ಪುಸ್ತಕ ಕೆಳಗಿಳಿಸಿದಳು. "ಅಪ್ಪಾ, ಇದು ಪರಸಿ ಅಲ್ಲ. ನಾನೇ ತಪ್ಪು ಕೇಳೀನಿ."

ಟೀಚರಿಗೆ ತಲೆಯೆತ್ತಲು ಮುಖವಿರಲಿಲ್ಲ.

ಖಂಡೆಪ್ಪ ಟೀಚರನ್ನು ನೋಡುತ್ತಲೇ ಇರಲಿಲ್ಲ. ಮಗಳ ಬೆರಳನ್ನು ನೋಡುತ್ತಿದ್ದ. "ಅಲ್ಲ ಅಂತ ನಿನಗ ಹ್ಯಾಂಗ ಗೊತ್ತಾತು?"

"ಬರದದಲ್ಲಪ್ಪ, ಇಲ್ಲಿ."

ಆತ ಕುಕ್ಕರುಗಾಲಿನಲ್ಲಿ ಕುಳಿತು ಆ ಕರಿ ಸಾಲನ್ನು ಹತ್ತಿರದಿಂದ ನೋಡಿದ. ಮುಖ ನಿಧಾನ ಅರಳಿತು.

"ಅಕ್ಕೋರ, ನೀವು ಪರಸಿ ಅಂದ್ರಿ, ನಾನೂ ಪರಸಿ ಅಂದೆ. ಇಷ್ಟುದ್ದ ಪೋರಿ ಇಬ್ಬರದೂ ತಪ್ಪು ಹಿಡದಳಲ್ರಿ!" ಮಗಳ ತಲೆ ಸವರಿದ. "ಇಕಿ ಓದೋ ಪುಸ್ತಕ ಇನ್ನೂ ಅವನರಿ?"

"ಭಾಳ ಅವರಿ," ಎಂದರು ಟೀಚರು.

"ಹಂಗಾದ್ರ ಇರ್ಲಿ. ಕಲ್ಲು ಆರಸಲಿಕ್ಕ ಅವರವ್ವ ಒಬ್ಬಾಕಿ ಸಾಕು." ಖಂಡೆಪ್ಪ ಮಕ್ಕಳ ಸಾಲಿನಲ್ಲಿ, ಮಶಾಕನ ಪಕ್ಕದಲ್ಲಿ, ಕಾಲು ಮಡಿಚಿ ಕುಳಿತ. "ಹಣಮವ್ವ, ಇನ್ನೊಮ್ಮೆ ಓದು. ಸಾವಕಾಶ ಓದು."