ವಿಮಾನದ ಬಾಲಕ್ಕೆ ನನ್ನ ಸಾಲು

ನಮ್ಮ ಕಾಲೇಜು ತಂಡ ಸಾಲಾಗಿ ಮೂರು ಪಂದ್ಯ ಸೋತ ಮೇಲೆ, ಅಭಿಮಾನಿಗಳು ಆನ್‌ಲೈನ್‌ನಲ್ಲಿ ಏನು ಬೊಗಳುತ್ತಾರೋ ನೋಡೋಣವೆಂದು ಸುಳ್ಳು ಹೆಸರಿನಲ್ಲಿ ಅವರ ಗುಂಪು ಸೇರಿದೆ. ಇವನೇ ತಂಡದ ಕೋಚ್ ಎಂಬ ಅನುಮಾನ ಯಾರಿಗೂ ಬರಬಾರದಲ್ಲ, ನನ್ನನ್ನೇ ಒಂದು ಸಾಲು ಬೈದೆ: "ಟಾಲ್ಬರ್ಟ್, ಸೀಟಿ ಕೆಳಗಿಡು, ಮನೆಗೆ ನಡಿ!" ಒಂಬತ್ತು ಸಾವಿರ ದರಿದ್ರದವರು ಮೆಚ್ಚಿದರು.

ಶನಿವಾರ, ಅಲಬಾಮಾದ ನಮ್ಮ ಕಾಲೇಜು ಮೈದಾನದ ಮೇಲೆ ಪುಟ್ಟ ವಿಮಾನವೊಂದು ಸುತ್ತತೊಡಗಿತು. ಅದರ ಬಾಲಕ್ಕೆ ಅಭಿಮಾನಿಗಳು ಬ್ಯಾನರ್ ಕಟ್ಟಿಸಿದ್ದರು. ಅದರ ಮೇಲಿನ ಸಾಲು ಅಕ್ಷರ ಅಕ್ಷರವೂ ನನ್ನದೇ. ಇಡೀ ಮೈದಾನ ಅದನ್ನೇ ಕೂಗಿತು. ನಾಲ್ಕನೆಯದನ್ನೂ ಸೋತೆವು.

ಮನೆಯಲ್ಲಿ ಹೆಂಡತಿ ಲೊರೀನ್ ಫೋನ್ ಹಿಡಿದು ಕೆಂಡವಾಗಿದ್ದಳು.

"ಮೊದಲು ಅದನ್ನ ಬರೆದ ಬೇವರ್ಸಿ ಆ ಗುಂಪಲ್ಲಿ ಸಿಕ್ಕಿದ್ದಾನೆ. ಬಾ, ಕೂತ್ಕೋ. ಇವತ್ತು ಅವನಿಗೆ ಮೆಸೇಜಲ್ಲೇ ಗ್ರಹಚಾರ ಬಿಡಿಸ್ತೀನಿ."

"ಬಿಡೇ, ಹೋಗ್ಲಿ."

"ಸುಮ್ನಿರು ನೀನು!"

ಅವಳು ಬರೆದು ಕಳಿಸಿದಳು. ನನ್ನ ಜೇಬು ಟಿಂಗ್ ಎಂದಿತು.

ಲೊರೀನ್ ನನ್ನನ್ನೇ ನೋಡುತ್ತಾ ಇನ್ನೊಂದು ಕಳಿಸಿದಳು.