ಬದುಕುಳಿದ ಇಲಿಗಳ ಹೊಟ್ಟೆ

ಅಕ್ಕನ ಕೆಲಸವೆಂದರೆ ಇಲಿಗಳಿಗೆ ಹೊಟ್ಟೆಯ ಸೋಂಕು ತಗುಲಿಸಿ, ಯಾವ ಆಂಟಿಬಯೋಟಿಕ್ ನಾಟುತ್ತದೆಂದು ನೋಡುವುದು. ಕರುಳು ತೂತಾದ ಮನುಷ್ಯನಿಗೆ ಏನಾಗುತ್ತದೋ ಅದನ್ನೇ ಅವಳು ಇಲಿಯಲ್ಲಿ ಉಂಟುಮಾಡುತ್ತಿದ್ದಳು. ತಮ್ಮ ಅವಳನ್ನು ಇಲಿ ಡಾಕ್ಟರ್ ಎಂದೇ ಕರೆಯುತ್ತಿದ್ದ.

ಈ ಸಲದ ಔಷಧಿ ಲ್ಯಾಬಿನ ಎಲ್ಲರಲ್ಲೂ ಹುರುಪು ತುಂಬಿತ್ತು. ಔಷಧಿ ಕೊಡದ ಇಲಿಗಳು ಮುದುಡಿ ಕೂತು ಒಂದೊಂದಾಗಿ ಸತ್ತವು. ಕೊಟ್ಟವು ಮೈಕೊಡವಿ ಎದ್ದು ಕಾಳು ಮುಕ್ಕತೊಡಗಿದವು. ಜೊತೆಯವರು ಗೆದ್ದೆವೆಂದು ಬೀಗಿದರು. ಆದರೂ ಪ್ರಯೋಗದ ಕೊನೆಗೆ ಬದುಕಿದವುಗಳನ್ನೂ ಮದ್ದಿನಿಂದ ಮಲಗಿಸಿ, ಜೀವ ತೆಗೆದು, ಹೊಟ್ಟೆ ಬಿಡಿಸಿ ನೋಡಲೇಬೇಕಿತ್ತು. ನೋಡಿದರೆ ಕರುಳಿನ ಮಡಿಕೆಗಳ ನಡುವೆ ಕೀವಿನ ಗಂಟುಗಳು. ಔಷಧಿ ಒಂದು ಜಾತಿಯ ಬ್ಯಾಕ್ಟೀರಿಯಾವನ್ನು ಕೊಂದಿತ್ತು. ಗಾಳಿಯಾಡದ ಕಡೆ ಬೆಳೆಯುವ ಇನ್ನೊಂದು ಜಾತಿ ಹಾಯಾಗಿ ಬೀಡುಬಿಟ್ಟಿತ್ತು.

ಅದೇ ಹೊತ್ತಿಗೆ ತಮ್ಮನ ಅಪೆಂಡಿಕ್ಸ್ ಒಡೆದು ಆಪರೇಷನ್ ಆಯಿತು. ಜ್ವರ ಇಳಿಯಿತು. ಮನೆಗೆ ಹೋಗಬಹುದೆಂದರು, ಅಮ್ಮ ಬಟ್ಟೆಬರೆ ಚೀಲಕ್ಕೆ ತುಂಬಿಯೂ ಆಗಿತ್ತು. ಅವನು ಗಬಗಬನೆ ಬ್ರೆಡ್ಡು ತಿನ್ನುವುದನ್ನು ಕಂಡು ಅಕ್ಕನಿಗೆ ಕಾಳು ಮುಕ್ಕಿದ ಆ ಇಲಿಗಳು ನೆನಪಾದವು. ಸರ್ಜನ್‌ಗೆ ಇಲಿಗಳ ಕಥೆ ಹೇಳಿ, ಸ್ಕ್ಯಾನ್ ಮಾಡಿಸಲೇಬೇಕೆಂದು ಹಟ ಹಿಡಿದಳು. ಕೊಡುತ್ತಿರುವುದು ಎರಡೂ ಜಾತಿಗೆ ನಾಟುವ ಔಷಧಿಯೇ ಎಂದು ಸರ್ಜನ್ ತಾಳ್ಮೆಯಿಂದ ತಿಳಿಹೇಳಿದರು. ಅವಳು ಜಗ್ಗಲಿಲ್ಲ.

"ನಾನೇನು ನಿನ್ನ ಇಲೀನಾ?" ತಮ್ಮ ರೇಗಿದ.

"ಇಲಿಯಾಗಿದ್ರೆ ಕೊಯ್ದೇ ನೋಡ್ಬೇಕಿತ್ತು ಕಣೋ. ನಿನಗೆ ಸ್ಕ್ಯಾನ್ ಸಾಕು."

ಸ್ಕ್ಯಾನಿನಲ್ಲಿ ಏನೂ ಸಿಗಲಿಲ್ಲ. ಅವಳಿಗೆ ನಿರಾಳವೂ ಆಯಿತು, ಮುಜುಗರವೂ ಆಯಿತು. ಕ್ಷಮಿಸಿ ಎನ್ನಲು ಹೋದರೆ ಸರ್ಜನ್ ಕೈಯಾಡಿಸಿ, ನಾವೂ ಅಂಥ ಹೊಟ್ಟೆಗಳನ್ನು ನೋಡಿದ್ದೇವೆ, ಮನುಷ್ಯರದ್ದೇ ಎಂದರು.

ಮನೆಗೆ ಬರುವಾಗ ಕಾರಿನ ಹಿಂದಿನ ಸೀಟಿನಲ್ಲಿ ಅಮ್ಮನ ಪಕ್ಕ ತಮ್ಮನಿಗೆ ನಿದ್ದೆ ಹತ್ತಿತು. ಪ್ರಯೋಗದ ಮುಂದಿನ ಸುತ್ತಿನಲ್ಲಿ ಎರಡು ಔಷಧಿಗಳನ್ನು ಒಟ್ಟಿಗೆ ಕೊಟ್ಟು ನೋಡಬೇಕು, ಬದುಕುಳಿದದ್ದನ್ನೇ ಗೆಲುವೆಂದು ಬರೆಯಲು ಒಪ್ಪಬಾರದು ಎಂದು ಅಕ್ಕ ಕಾರು ಓಡಿಸುತ್ತಾ ಯೋಚಿಸುತ್ತಿದ್ದಳು. ಅಮ್ಮ ಎಂದೂ ಅವಳ ಕೆಲಸದ ಬಗ್ಗೆ ಕೇಳಿದವಳಲ್ಲ. ಇವತ್ತು ಕೇಳಿದಳು.

"ಆ ಇಲಿಗಳಿಗೆ ನೋವಾಗಲ್ಲ ತಾನೇ?"

ಇಲ್ಲ ಎಂದುಬಿಡುವುದು ಸುಲಭವಿತ್ತು. ಸಿಗ್ನಲ್ ಬಿಟ್ಟಾಗ ಅಕ್ಕ ಕಾರನ್ನು ಮುಂದಕ್ಕೆ ತೆಗೆದಳು.

"ಸಾಯೋವಾಗ ಆಗಲ್ಲಮ್ಮ. ಅದಕ್ಕೆ ಮೊದಲು ಆಗುತ್ತೆ. ಕಡಿಮೆ ಮಾಡೋಕೆ ನೋಡ್ತೀವಿ, ಪೂರ್ತಿ ಹೋಗಲ್ಲ."

ಅಮ್ಮ ರಸ್ತೆಯ ಗುಂಡಿಗಳಿಗೆ ಮಗನ ಹೊಟ್ಟೆ ಕುಲುಕದಂತೆ ಅದರ ಮೇಲೆ ಅಂಗೈಯನ್ನು ಹಗುರವಾಗಿ ಇಟ್ಟುಕೊಂಡಳು.