ತರಗೆಲೆ ತಿಂದ ಕುಂಬಳ

ಕುಂಬಳದ ಹೀಚಿಗೆ ಬೆರಳು ತೋರಿಸಬಾರದು, ತೋರಿಸಿದರೆ ಕೊಳೆತು ಬೀಳುತ್ತದೆ ಎನ್ನುವುದು ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತಿರುವ ಮಾತು. ಈ ಒಂದು ಮಾತಿನಿಂದ ಕೊಳತ್ತೂರು ಪಕ್ಕದ ಒಂದು ಊರಿನಲ್ಲಿ ಇಬ್ಬರು ಗೆಳತಿಯರು ದೂರವಾದರು.

ಸಿದ್ದಲಕ್ಷ್ಮಮ್ಮ, ಮುನಿಲಕ್ಷ್ಮಿ ಇಬ್ಬರೂ ಒಂದೇ ವರ್ಷ ಆ ಬೀದಿಗೆ ಸೊಸೆಯರಾಗಿ ಬಂದವರು. ಎರಡು ಮನೆಗಳ ನಡುವೆ ಒಂದು ಬೇಲಿ, ಅಷ್ಟೇ. ಸಿದ್ದಲಕ್ಷ್ಮಮ್ಮನ ಹಿತ್ತಲ ಕುಂಬಳಕ್ಕೆ ಹಿಂದೆಲ್ಲ ದೊಡ್ಡ ಹೆಸರು. ದೀಪಾವಳಿಗೆ ಮಾದೇಶ್ವರನ ಬೆಟ್ಟಕ್ಕೆ ನಡೆದು ಹೋಗುವವರಿಗೆ ಊರಿನವರು ಅನ್ನ ಹಾಕುತ್ತಾರೆ. ಆ ಊಟದ ಸಾರಿಗೆ ದೊಡ್ಡ ಕಾಯಿ ಅವಳ ಮನೆಯಿಂದಲೇ ಹೋಗಬೇಕು. ಈಚೆಗೆ ಕಾಯಿ ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತಾ ಬಂದು, ಕೊನೆಗೆ ತೆಂಗಿನಕಾಯಿ ಗಾತ್ರಕ್ಕೆ ಇಳಿದಿತ್ತು. ಗಂಡ ಮಾದಪ್ಪ ಸಂತೆಯಿಂದ ಕಾಯಿ ತಂದು ಮಾನ ಉಳಿಸಿದ.

ಶಿವರಾತ್ರಿಯ ಹೊತ್ತಿಗೆ ಮತ್ತೆ ಬಳ್ಳಿ ಹಬ್ಬಿ ಹೀಚು ಕಚ್ಚಿತ್ತು. ಮೊರ ಕೇಳಲು ಬಂದ ಮುನಿಲಕ್ಷ್ಮಿ, ಪಾಪ, ಸಂತೋಷ ತಡೆಯಲಾರದೆ "ಎಷ್ಟೊಂದು ಕಚ್ಚೈತೆ ನೋಡಕ್ಕಾ" ಎಂದು ಕೈ ನೀಡಿ ತೋರಿಸಿಬಿಟ್ಟಳು. ಮಾರನೆಯ ದಿನದಿಂದ ಹೀಚುಗಳು ಹಳದಿ ತಿರುಗಿ ಉದುರತೊಡಗಿದವು.

ಸಿದ್ದಲಕ್ಷ್ಮಮ್ಮ ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಹೆಂಗಸಲ್ಲ. ಮುನಿಲಕ್ಷ್ಮಿಯ ಕಣ್ಣು ಒಳ್ಳೆಯದಲ್ಲ ಎಂದು ನಲ್ಲಿ ಹತ್ತಿರ ಎಲ್ಲರ ಮುಂದೆ ಹೇಳಿಬಿಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮುನಿಲಕ್ಷ್ಮಿ ಬೀದಿಯಲ್ಲಿ ಬಂದರೆ ಹೆಂಗಸರು ಬಳ್ಳಿಗೆ ಹಳೆ ಸೀರೆ ಮುಚ್ಚಲು ಶುರುಮಾಡಿದರು. ಎಲ್ಲಮ್ಮನ ಮಗಳ ಸೀಮಂತಕ್ಕೆ ಬೀದಿಯವರನ್ನೆಲ್ಲ ಕರೆದರು, ಅವಳೊಬ್ಬಳನ್ನು ಬಿಟ್ಟರು. ಹೀಚಿಗೇ ಆಗದ ಕಣ್ಣು ಬಸುರಿಗೆ ಆದೀತೇ ಎಂದು. ಆ ದಿನ ಮುನಿಲಕ್ಷ್ಮಿ ಬಾಗಿಲು ಹಾಕಿಕೊಂಡು ಅತ್ತದ್ದು ಬೇಲಿಯಾಚೆಗೂ ಕೇಳಿಸಿತು. ಸಿದ್ದಲಕ್ಷ್ಮಮ್ಮ ಕೇಳಿಸಿಕೊಂಡಳು, ಆದರೆ ಹಟ ಬಿಡಲಿಲ್ಲ.

ಹೆಂಗಸರ ಸಂಘದ ಶಶಿಕಲಾ ಒಂದು ದಿನ ಬೆಳಬೆಳಿಗ್ಗೆ ಬಂದಳು. ತೋಟಗಾರಿಕೆ ಇಲಾಖೆಯ ಟ್ರೈನಿಂಗ್ ಮುಗಿಸಿ ಬಂದಿದ್ದವಳು, ಯಾರ ಹಿತ್ತಲು ಕಂಡರೂ ಒಂದು ಸಲ ಇಣುಕುತ್ತಿದ್ದಳು. ಇಲ್ಲಿ ನೋಡಿದರೆ ಹೊಗೆ. ಹೊಂಗೆ, ತೇಗದ ಎಲೆ ಉದುರುವ ಕಾಲ ಅದು. ಸೂರ್ಯ ಹುಟ್ಟುವ ಮೊದಲೇ ಗುಡಿಸಿ, ಬಳ್ಳಿಯ ಪಕ್ಕದಲ್ಲೇ ಗುಡ್ಡೆ ಹಾಕಿ ಬೆಂಕಿ ಇಡುವುದು ಸಿದ್ದಲಕ್ಷ್ಮಮ್ಮನ ನಿತ್ಯದ ಪದ್ಧತಿ. ಒಂದು ಎಲೆ ಬಿದ್ದಿದ್ದರೂ ಮನೆಗೆ ದರಿದ್ರ ಎಂದು ಅತ್ತೆ ಹೇಳಿಕೊಟ್ಟಿದ್ದಳು.

ಹೀಚಿನ ಕಥೆಯನ್ನೂ ಕಣ್ಣಿನ ಕಥೆಯನ್ನೂ ಕೇಳಿದ ಶಶಿಕಲಾ, ಕುಂಬಳದ ಹೂವು ಎಷ್ಟು ಹೊತ್ತಿಗೆ ಅರಳುತ್ತದೆ ಎಂದು ಕೇಳಿದಳು.

"ಒತ್ತಾರೆ, ಬೆಳಗಾಗೋವಾಗ," ಎಂದಳು ಸಿದ್ದಲಕ್ಷ್ಮಮ್ಮ.

"ಬೆಂಕಿ ಆಕದು ಎಷ್ಟೊತ್ತಿಗೆ?"

"ಅದೂ ಒತ್ತಾರೆಯೇ."

"ಈ ಒಗೇಲಿ ಜೇನು ಬರ್ತೈತಾ ಅಕ್ಕಾ? ಜೇನು ಬಂದು ಗಂಡು ಊವಿನ ಪುಡಿ ಎಣ್ಣು ಊವಿಗೆ ಮುಟ್ಟಿಸ್ಬೇಕು. ಇಲ್ಲಾಂದ್ರೆ ಈಚು ಉದುರೇ ಉದುರ್ತೈತೆ. ಯಾರು ಬೆರಳು ತೋರಿಸಿದ್ರೂ ಅಷ್ಟೇ, ತೋರಿಸ್ದೆ ಇದ್ರೂ ಅಷ್ಟೇ."

ಸಿದ್ದಲಕ್ಷ್ಮಮ್ಮ ಸುಲಭಕ್ಕೆ ಒಪ್ಪುವವಳಲ್ಲ. ಹೊಗೆಯಿಂದ ಹೀಚು ಉದುರಿದರೆ, ಉಳಿದ ಕಾಯಿ ಯಾಕೆ ಸಣ್ಣದಾಯಿತು ಎಂದು ಕೇಳಿದಳು. ಶಶಿಕಲಾ ಒಂದು ಚೊಂಬು ನೀರನ್ನು ಬಳ್ಳಿಯ ಬುಡಕ್ಕೆ ಸುರಿದಳು. ನೀರು ಇಂಗದೆ ಪಕ್ಕಕ್ಕೆ ಹರಿದುಹೋಯಿತು. ಇನ್ನೊಂದು ಚೊಂಬನ್ನು ಬೇಲಿಯ ಮೂಲೆಯಲ್ಲಿ, ಪೊರಕೆ ತಲುಪದ ಹೊಂಗೆಯ ಬುಡದಲ್ಲಿ ಸುರಿದಳು. ಅಲ್ಲಿ ನೆಲ ಗಟಗಟನೆ ಕುಡಿಯಿತು. ಕೈ ಹಾಕಿದರೆ ಕಪ್ಪು ಮಣ್ಣು, ಎರೆಹುಳು, ತಂಪು.

ವರ್ಷಗಟ್ಟಲೆ ಗುಡಿಸಿ ಸುಟ್ಟ ನೆಲ ಕಲ್ಲಾಗಿದೆ, ಬೇರು ಇಳಿಯುವುದಿಲ್ಲ, ನೀರು ನಿಲ್ಲುವುದಿಲ್ಲ, ದೊಡ್ಡ ಕಾಯಿ ಎಲ್ಲಿಂದ ಬರಬೇಕು ಎಂದು ಶಶಿಕಲಾ ಬಿಡಿಸಿ ಹೇಳಿದಳು. ಬೂದಿಯೂ ಗೊಬ್ಬರವಲ್ಲವೇ ಎಂದ ಮಾದಪ್ಪ.

"ಒಂದು ಗಾಡಿ ಎಲೆ ಸುಟ್ರೆ ಒಂದು ಮಂಕ್ರಿ ಬೂದಿ, ಮಾಮಾ. ಮಿಕ್ಕಿದ್ದೆಲ್ಲಾ ಒಗೆ. ಪಾಲಮಲೆ ಬೆಟ್ಟದ ಮೇಲಿನ ಕಾಡಿಗೆ ಯಾರು ಮೂಟೆ ಗೊಬ್ಬರ ಆಕ್ತಾರೆ? ಉದುರಿದ ಎಲೆಯೇ ಅದಕ್ಕೆ ಊಟ."

ಎಲೆ ಗುಡ್ಡೆಯಲ್ಲಿ ಹಾವು ಚೇಳು ಸೇರುತ್ತವೆ ಎಂದು ಸಿದ್ದಲಕ್ಷ್ಮಮ್ಮ ಕೊನೆಯ ತಕರಾರು ತೆಗೆದಳು. ಅದು ಸುಳ್ಳಲ್ಲ ಎಂದು ಶಶಿಕಲಾ ಒಪ್ಪಿದಳು. ಅದಕ್ಕೇ ಮನೆಯಿಂದ ದೂರ, ನೆರಳಿನಲ್ಲಿ, ಸುತ್ತ ಕಲ್ಲು ಜೋಡಿಸಿ ಹಾಕಬೇಕು, ಕೆದಕುವಾಗ ಕೈಯಲ್ಲ, ಕೋಲು ಬಳಸಬೇಕು.

ಅವತ್ತೇ ಮಾದಪ್ಪ ಬೇಲಿಯ ಮೂಲೆಯಲ್ಲಿ ಕಲ್ಲು ಜೋಡಿಸಿದ. ಒಂದು ಪದರ ತರಗೆಲೆ, ಅದರ ಮೇಲೆ ಸಗಣಿ ನೀರು, ಒಂದು ಹಿಡಿ ಹಳೆ ಮಣ್ಣು, ಮತ್ತೆ ಎಲೆ. ತೇಗದ ಎಲೆ ದಪ್ಪ, ಬೇಗ ಕರಗುವುದಿಲ್ಲ, ಅದನ್ನು ಮುರಿದು ಹಾಕಿದರು. ಪ್ಲಾಸ್ಟಿಕ್, ನೀಲಗಿರಿ ಎಲೆ ಸೇರಿಸಲಿಲ್ಲ. ವಾರಕ್ಕೊಮ್ಮೆ ನೀರು ಚಿಮುಕಿಸಿ, ತಿಂಗಳಿಗೊಮ್ಮೆ ಮಗುಚಿದರು. ಆಡಿ ತಿಂಗಳಿಗೆ, ಅಂದರೆ ಆಷಾಢದ ಹೊತ್ತಿಗೆ, ಗುಡ್ಡೆ ಮೊಣಕಾಲಿನಷ್ಟಕ್ಕೆ ಕುಗ್ಗಿ, ಒಳಗೆ ಕಾಫಿಪುಡಿಯಂಥ ಕಪ್ಪು ಮಣ್ಣಾಗಿತ್ತು. ಮೊಳ ಆಳದ ಗುಂಡಿ ತೋಡಿ, ಅದರಲ್ಲಿ ಎಲೆಗೊಬ್ಬರವನ್ನೂ ಮಣ್ಣನ್ನೂ ಸಮ ಬೆರೆಸಿ ತುಂಬಿ ಬೀಜ ಊರಿದರು. ಅಷ್ಟಾದರೂ ಸಿದ್ದಲಕ್ಷ್ಮಮ್ಮ ಒಂದು ದೃಷ್ಟಿಗೊಂಬೆ ಕಟ್ಟಿದಳು. ಕಟ್ಟಿಕೋ, ಬೆಂಕಿ ಮಾತ್ರ ಹಾಕಬೇಡ ಎಂದು ಶಶಿಕಲಾ ನಕ್ಕಳು.

ಹೂವಿನ ಕಾಲಕ್ಕೆ ಜೇನು ಬಂತು, ಹೀಚು ನಿಂತಿತು. ಶಶಿಕಲಾ ಹೇಳಿದಂತೆ ಬಳ್ಳಿಗೆ ಒಂದೇ ಕಾಯಿ ಬಿಟ್ಟು ಉಳಿದವನ್ನು ಚಿವುಟಿದರು. ಚಿವುಟುವಾಗ ಸಿದ್ದಲಕ್ಷ್ಮಮ್ಮನ ಜೀವವೇ ಹೋದಂತಾಯಿತು. ಆದರೆ ಉಳಿದ ಕಾಯಿ ದಿನಕ್ಕೊಂದು ಗಾತ್ರ ಆಗುತ್ತಾ ಹೋಗಿ, ಕೊನೆಗೆ ಇಬ್ಬರು ಸೇರಿ ಎತ್ತುವಷ್ಟಾಯಿತು. ಊರವರು ಬಂದು ನೋಡಿ ಹೋದರು.

ಒಂದು ಸಂಜೆ ಮಾದಪ್ಪ ಕಾಯಿಯ ಪಕ್ಕ ಕೂತು ಹೆಂಡತಿಯನ್ನು ಕೇಳಿದ: "ಮುನಿಲಕ್ಷ್ಮಿ ದಿನಾ ಇದೇ ಬೇಲಿ ಪಕ್ಕ ಓಯ್ತಾಳೆ. ಅವಳ ಕಣ್ಣು ಈ ಕಾಯಿಗೆ ಯಾಕೆ ತಗುಲ್ಲಿಲ್ಲ?"

ಮಾರನೆಯ ಬೆಳಿಗ್ಗೆ ಸಿದ್ದಲಕ್ಷ್ಮಮ್ಮ ಎದ್ದು ಮುನಿಲಕ್ಷ್ಮಿಯ ಮನೆಗೆ ಹೋಗಿ, ತಪ್ಪಾಯಿತು ಎಂದಳು. ಮುನಿಲಕ್ಷ್ಮಿ ಒಳಗೆ ಕರೆಯಲಿಲ್ಲ.

"ನನ್ನ ಕಣ್ಣು ಕೆಟ್ಟದ್ದು ಅಂತ ಊರ ಮುಂದೆ ಏಳ್ದೆ. ಈಗ ಯಾರೂ ಇಲ್ದಾಗ ಬಂದು ತಪ್ಪಾಯ್ತು ಅಂತೀಯಾ? ನಂಗೆ ಬೇಡ, ಪೋ," ಎಂದು ಬಾಗಿಲು ಹಾಕಿಕೊಂಡಳು.

ಅವಳ ಮಾತು ನ್ಯಾಯವೇ ಆಗಿತ್ತು. ಆ ವಾರ ಸಂಘದ ಸಭೆಯಲ್ಲಿ ಶಶಿಕಲಾ ಎಲೆಗೊಬ್ಬರದ ಬಗ್ಗೆ ಹೇಳು ಎಂದು ಸಿದ್ದಲಕ್ಷ್ಮಮ್ಮನನ್ನು ಎಬ್ಬಿಸಿದಳು. ಮುನಿಲಕ್ಷ್ಮಿ ಹಿಂದಿನ ಸಾಲಿನಲ್ಲಿ ಕೂತಿದ್ದಳು.

"ಗೊಬ್ಬರದ ಮಾತು ಆಮೇಲೆ," ಎಂದಳು ಸಿದ್ದಲಕ್ಷ್ಮಮ್ಮ. "ನನ್ನ ಈಚು ಉದುರಿದ್ದು ನಾನು ಆಕಿದ ಬೆಂಕಿಯಿಂದ. ಮುನಿಲಕ್ಷ್ಮಿ ಕಣ್ಣಿಂದ ಅಲ್ಲ. ನಾನು ಏಳಿದ್ದು ಸುಳ್ಳು. ಅವಳನ್ನ ಶುಭಕಾರ್ಯಕ್ಕೆ ಕರೀದೆ ಇದ್ದೋರೆಲ್ಲಾ ಕೇಳಿಸ್ಕಳಿ."

ಎಲ್ಲಮ್ಮ ತಲೆ ತಗ್ಗಿಸಿದಳು. ಮುನಿಲಕ್ಷ್ಮಿ ಎದ್ದು ಹೋದಳು. ದೀಪಾವಳಿಗೆ ಆ ಕುಂಬಳ ನಡೆದು ಬಂದವರ ಸಾರಿಗೆ ಬಿತ್ತು, ಎಲ್ಲರೂ ಹೊಗಳಿ ಉಂಡರು, ಮುನಿಲಕ್ಷ್ಮಿ ಬರಲಿಲ್ಲ.

ಮತ್ತೆ ಎಲೆ ಉದುರುವ ಕಾಲ ಬಂತು. ಒಂದು ಬೆಳಿಗ್ಗೆ ಸಿದ್ದಲಕ್ಷ್ಮಮ್ಮ ಹಿತ್ತಲಿಗೆ ಹೋದರೆ, ಮುನಿಲಕ್ಷ್ಮಿ ತನ್ನ ಅಂಗಳದ ತರಗೆಲೆಯನ್ನು ಮೂಟೆ ಕಟ್ಟಿ ತಂದು ಗುಡ್ಡೆಗೆ ಸುರಿಯುತ್ತಿದ್ದಳು.

"ಸಗಣಿ ನೀರು ಎಷ್ಟು ಆಕ್ಬೇಕಕ್ಕಾ?" ಎಂದು ಕೇಳಿದಳು. ಸಿದ್ದಲಕ್ಷ್ಮಮ್ಮ ಸಗಣಿ ನೀರಿನ ಬಕೆಟ್ ತಂದು ಸುರಿದು ತೋರಿಸಿದಳು. ಇಬ್ಬರೂ ಸೇರಿ ಗುಡ್ಡೆ ಮೆಟ್ಟಿದರು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಅಂಗಳದಲ್ಲೂ ಈಗ ಎಲೆ ಉದುರುತ್ತಿರಬಹುದು. ಬೆಂಕಿಪೊಟ್ಟಣ ಒಳಗಿಡಿ. ಒಂದು ಮೂಲೆಯಲ್ಲಿ ಕಲ್ಲು ಜೋಡಿಸಿ ಇವತ್ತೇ ಗುಡ್ಡೆ ಹಾಕಿ, ಆಡಿಗೆ ಬೀಜ ಊರಿ. ಹೀಚು ಉದುರಿದರೆ ಮೊದಲು ನಿಮ್ಮ ಮಣ್ಣಿಗೆ ಕೈ ಹಾಕಿ ನೋಡಿ. ಪಕ್ಕದ ಮನೆಯವಳ ಹೆಸರು ಬಾಯಿಗೆ ತರಬೇಡಿ.